ಕತ್ತೆ ಆಟ ಆಡಿದ ಗಂಡು

ಎರಡನೇ ಮಹಾಯುದ್ಧ ಮುಗಿದ ವರ್ಷ, ಹಲಸೂರಿನ ರೇಷನ್ ಅಂಗಡಿಯ ಸಾಲಿನಲ್ಲಿ ನನ್ನ ಮುಂದೆ ಅಂಜಿನಮ್ಮ ಮತ್ತು ಆಕೆಯ ಅಣ್ಣ ಪಿಳ್ಳಪ್ಪ ನಿಂತಿದ್ದರು.

“ನಿನ್ನ ಮಗಳನ್ನ ನೋಡಿ ಹೋದ ಗಂಡಿನ ಕಡೆಯವರು ಉತ್ತರ ಕೇಳ್ತಾವ್ರೆ, ಅಂಜಿನಿ. ಹುಡುಗನಿಗೆ ಮಿಲಿಟರಿ ಡಿಪೋದಲ್ಲಿ ಕೆಲಸ.”

“ಇಸ್ಪೀಟಿನ ಕತ್ತೆ ಆಟದಲ್ಲಿ ಯಾರಾದ್ರೂ ಆಟೀನ್, ಆ ಕೆಂಪು ಹೃದಯದ ಎಲೆ, ಇಳಿಸಿದ್ರೆ, ಆಟೀನ್ ಇರೋರು ಅದನ್ನೇ ಹಾಕ್ಬೇಕು. ಇಲ್ದೋರು ಮಾತ್ರ ಬೇರೆ ಎಲೆ ಹಾಕಿ ಕಡೀಬೇಕು. ಹೌದೇನಣ್ಣ?”

“ಹೌದು. ಆಗ ದೊಡ್ಡ ಎಲೆ ಹಾಕ್ದೋರು ಎಲ್ಲಾ ಎತ್ಕೋಬೇಕು. ಕೊನೆಗೆ ಎಲೆ ಉಳಿದೋರು ಕತ್ತೆ.”

“ಹೆಣ್ಣು ನೋಡೋಕೆ ಬಂದ ನಿನ್ನ ಆ ಗಂಡು ಆಟೀನ್ ಇದ್ರೂ ಬಚ್ಚಿಟ್ಕೊಂಡು ಬೇರೆ ಎಲೆ ಹಾಕಿ ಕಡಿದ. ಕಣ್ಣು ಮಂಜಾದ ನಮ್ಮತ್ತೆ ಕತ್ತೆಯಾದ್ರು. ಅವನು ಹಲ್ಲು ಕಿರಿದ.”

“ಆಟ ತಾನೇ?”

“ಮುದುಕಿ ಮೇಲೆ ಗೆಲ್ಲೋಕೂ ಮೋಸ ಬೇಕಾಯ್ತಲ್ಲ, ಆ ಗಂಡಸಿಗೆ.”

“ಹುಡುಗಿ ಏನಂತಾಳೆ?”

“ಅವನ ಮಂಡಿ ಕೆಳಗಿಂದ ಆ ಎಲೆ ಎಳೆದು ನಮ್ಮತ್ತೆ ಕೈಗಿಟ್ಟವ್ಳೆ ಅವಳು.”

ಪಿಳ್ಳಪ್ಪ ಅಕ್ಕಿಯ ಚೀಲ ಹೊತ್ತು ತಂಗಿಯ ಹಿಂದೆ ನಡೆದ.