ನಾನೇ ಇಷ್ಟಪಟ್ಟು

…ಹಾಗಲ್ಲ ಕಣೆ, ಇನ್ನೊಂದು ಸಲ ಹೇಳು. "ಯಾರೂ ಬಲವಂತ ಮಾಡಿಲ್ಲ, ಅಪ್ಪನಿಗೆ ನಾನೇ ಇಷ್ಟಪಟ್ಟು ಕಿಡ್ನಿ ಕೊಡ್ತಿದ್ದೀನಿ." ಅಷ್ಟೇ. ಒಳಗೆ ಡಾಕ್ಟರು ನಿನ್ನೊಬ್ಬಳನ್ನೇ ಕೂರಿಸ್ಕೊಂಡು ಕೇಳ್ತಾರೆ, ನಾನು ಪಕ್ಕದಲ್ಲಿ ಇರೋ ಹಾಗಿಲ್ಲ. ಅದಕ್ಕೇ ಗಿಣಿಗೆ ಹೇಳಿದ ಹಾಗೆ ಹೇಳ್ತಿರೋದು. ಯಾಕೆ ನಗ್ತೀಯಾ? ಆಸ್ಪತ್ರೆ ಬೆಂಚಿನ ಮೇಲೆ ಕೂತು ನಗೋಕೆ ಅದು ಹೇಗೆ ಮನಸ್ಸು ಬರುತ್ತೋ ನಿನಗೆ.

ಮುಖದ ಗಂಟು ಬಿಚ್ಚು. ಇಷ್ಟಪಟ್ಟು ಕೊಡೋರ ಮುಖ ಹೀಗಿರುತ್ತಾ?

ನನ್ನದು ಕೊಡೋಕಾಗುತ್ತಾ ಹೇಳು, ಈ ಸಕ್ಕರೆ ಕಾಯಿಲೆ ಇಟ್ಕೊಂಡು? ಆಗಿದ್ರೆ ನಿನ್ನ ಕಾಲು ಹಿಡೀತಿರಲಿಲ್ಲ. ಇನ್ನು ನಿನ್ನ ತಮ್ಮ… ಹೇಳಿದ್ನಲ್ಲ, ಪರೀಕ್ಷೆ ಮಾಡಿಸ್ಕೊಂಡು ಬಂದ, ಹೊಂದಲ್ಲ ಅಂದ್ರು, ಏನು ಮಾಡ್ತಾನೆ ಪಾಪ. ಮದುವೆ ಬೇರೆ ಗೊತ್ತಾಗಿದೆ. ಒಂದು ಕಿಡ್ನಿ ಇಲ್ಲ ಅಂದ್ರೆ ಹೆಣ್ಣಿನ ಕಡೆಯವರು ತಿರುಗಿ ನೋಡ್ತಾರಾ? …ಹೊಂದಲ್ಲ ಅಂದ ಮೇಲೆ ಅದೆಲ್ಲ ಯಾಕೆ ಅಂತೀಯಾ? ಏನೋ, ಮಾತಿಗೆ ಅಂದೆ. ಲಾಯರ್ ಥರ ಪ್ರಶ್ನೆ ಕೇಳ್ಬೇಡ.

ನಿನ್ನ ಕಥೆ ಬೇರೆ. ಮದುವೆ ಆಯ್ತು, ಎರಡು ಮಕ್ಕಳಾದ್ವು, ಎರಡಕ್ಕೂ ಹೊಟ್ಟೆ ಕುಯ್ದಿದ್ದಾರೆ. ಇನ್ನೊಂದು ಗೀಟು ಬಿದ್ರೆ ಯಾರು ನೋಡ್ತಾರೆ? ಹೆತ್ತಾಯ್ತಲ್ಲ, ಇನ್ನು ಆ ಮೈಯನ್ನ ಯಾವ ಸಂಭ್ರಮಕ್ಕೆ ಎತ್ತಿಡ್ತೀಯಾ?

ಕೆಲಸ ಕೆಲಸ ಅಂತ ತಲೆ ತಿನ್ಬೇಡ. ವ್ಯಾನ್ ಓಡಿಸ್ಕೊಂಡು ಮನೆಮನೆಗೆ ಪಾರ್ಸೆಲ್ ಕೊಡೋದು ಒಂದು ಕೆಲಸವಾ? ಭಾರ ಎತ್ತೋಕಾಗದಿದ್ರೆ ತೆಗೆದು ಹಾಕ್ತಾರಂತೆ. ಹಾಕ್ಲಿ ಬಿಡು, ಗಂಡ ದುಡೀತಾನಲ್ಲ. ನಿನ್ನ ತಮ್ಮ ಹಾಗಲ್ಲ, ನಾಳೆ ಸಂಸಾರ ಹೊರೋನು… ಹೂಂ, ಗೊತ್ತು, ಸದ್ಯ ಮನೆಯಲ್ಲೇ ಇದ್ದಾನೆ. ಗಂಡು ಹುಡುಗ, ಇವತ್ತಲ್ಲ ನಾಳೆ ಕೆಲಸ ಸಿಗುತ್ತೆ.

ನನಗೋಸ್ಕರ ಬೇಡ ಕಣೆ, ಅಪ್ಪನಿಗೋಸ್ಕರ ಕೊಡು. ನಿನ್ನನ್ನ ಎಷ್ಟು ಮುದ್ದು ಮಾಡಿ ಸಾಕಿದ್ರು! ಸ್ಟಿಯರಿಂಗ್ ಹಿಡಿಯೋದು ಕಲಿಸಿದ್ದೂ ಅವರೇ ತಾನೇ? ಕೊಡೋದು ನೀನು ಅಂತ ಇನ್ನೂ ಅವರಿಗೆ ಹೇಳಿಲ್ಲ. ಹೇಳಿದ್ರೆ ಒಪ್ಪಲ್ಲ, ನನ್ನ ಮಗಳನ್ನ ಮುಟ್ಬೇಡಿ ಅಂತಾರೆ. ಡಾಕ್ಟರೂ ಒಳ್ಳೆಯವರು. ಮಗನಾದ್ರೇನು ಮಗಳಾದ್ರೇನಮ್ಮಾ, ಇಬ್ಬರದ್ದೂ ಚೆನ್ನಾಗೇ ಹೊಂದು…

ಏನಿಲ್ಲ. ಇಬ್ಬರೂ ಒಂದೇ ಅಂದ್ರು. ಅಷ್ಟೇ ಅಂದಿದ್ದು.

ಯಾಕೆ ಹಾಗೆ ನೋಡ್ತೀಯಾ? ಬೈಯೋದಾದ್ರೆ ಬೈದುಬಿಡು.

…ಹೂಂ. ಹೊಂದುತ್ತೆ. ನಿನ್ನದಕ್ಕಿಂತ ಅವನದ್ದೇ ಚೆನ್ನಾಗಿ ಹೊಂದುತ್ತೆ. ಏನೀಗ? ನಾನೇ ಸುಳ್ಳು ಹೇಳ್ದೆ. ಮಗನ ಮೇಲೆ ಆಸೆ, ಹೇಳ್ದೆ. ಎಷ್ಟು ಬೇಕೋ ಅಷ್ಟು ಬೈಕೋ.

ಎಲ್ಲಿ ಹೊರಟೆ? ಡಾಕ್ಟರ ಬಾಗಿಲು ಈ ಕಡೆ. ಅಪ್ಪನ ವಾರ್ಡಿಗಾ? ಬೇಡ, ಕೂತ್ಕೋ. ಅವರ ಮುಂದೆ ಹೋಗಿ ಅಳ್ತೀಯಾ, ಅವರು ನಿನ್ನ ಪರ ಮಾತಾಡ್ತಾರೆ ಅಂತ? ಬೇಡ ಕಣೆ. ನಾನೇ ಕೆಟ್ಟವಳು ಅಂತ ಇಟ್ಕೋ, ಅಲ್ಲಿಗೆ ಮುಗೀತು. ಕೈ ಕೊಸರ್ಕೊಂಡು ಹೋಗ್ಬೇಡ, ನಿಲ್ಲೇ…

ನಿಮ್ಮಪ್ಪನಿಗೆ ಎಲ್ಲ ಗೊತ್ತು. ನಾನು ತಮ್ಮನನ್ನೇ ಒಪ್ಪಿಸಿದ್ದೆ, ಅವನೂ ಹೂಂ ಅಂದಿದ್ದ. ಅವರೇ ಬೇಡ ಅಂದಿದ್ದು. ಗಂಡು ಮಗನ ಮೈ ಕುಯ್ಸೋದು ಯಾಕೆ, ಅವಳಿದ್ದಾಳಲ್ಲ ಅಂದ್ರು.