ವೈರಲ್ ಟ್ರೇ

ಇಂದು ಮಾರ್ಚ್ ಹದಿನಾಲ್ಕು, ಶುಕ್ರವಾರ. ನಮ್ಮ ರಕ್ತ ಪರೀಕ್ಷಾ ವಿಭಾಗದ ಹಿರಿಯ ತಂತ್ರಜ್ಞೆ, ನಾವೆಲ್ಲ ‘ಎಣಿಕೆ ಅಕ್ಕ’ ಎನ್ನುತ್ತಿದ್ದವರು, ತೀರಿಕೊಂಡು ಹತ್ತು ದಿನವಾಯಿತು. ಅಕ್ಕನ ಯಜಮಾನರೇ, ಮಗಳೇ, ಸೂಪರಿಂಟೆಂಡೆಂಟ್ ಸಾಹೇಬರೇ, ಸಹೋದ್ಯೋಗಿಗಳೇ — ಎಲ್ಲರಿಗೂ ನಮಸ್ಕಾರ.

‘ಫ್ಲೂ ಬಂತು, ಹೋದ್ರು, ಯಾರ ಕೈಲಿದೆ’ ಎಂದು ಹೊರಗೆ ಯಾರೋ ಹೇಳುತ್ತಿದ್ದರು. ನಾನು ಒಪ್ಪುವುದಿಲ್ಲ. ಈ ಮೈಕಿನ ಮುಂದೆ ನಿಂತೇ ಹೇಳುತ್ತೇನೆ — ಒಪ್ಪುವುದಿಲ್ಲ.

ಕಣ ಎಣಿಸುವ ಯಂತ್ರ ಬಂದ ಮೇಲೂ ಅಕ್ಕ ಅನುಮಾನ ಹುಟ್ಟಿಸಿದ ಸ್ಲೈಡನ್ನು ಮೈಕ್ರೋಸ್ಕೋಪಿನಡಿ ಇಟ್ಟು ಒಂದೊಂದೇ ಬಿಳಿಕಣ ಎಣಿಸುತ್ತಿದ್ದರು. ಒಮ್ಮೆ ಕಿರಿಯ ವೈದ್ಯರೊಬ್ಬರು ಬಾಗಿಲಲ್ಲಿ ನಿಂತು, ‘ಅಕ್ಕಾ, ಬರೀ ವೈರಲ್ ಅಲ್ವಾ? ನ್ಯೂಟ್ರೋಫಿಲ್ ಕಮ್ಮಿ ಇದ್ರೆ ಇರ್ಲಿ ಬಿಡಿ’ ಎಂದರು. ಅಕ್ಕ ತಲೆ ಎತ್ತಲಿಲ್ಲ. ಹೀಗೆ — ಎಡಗೈ ಮಾತ್ರ ಎತ್ತಿದರು. ‘ನೂರಾಗೋವರೆಗೂ ತಡೀರಿ ಡಾಕ್ಟ್ರೇ. ಮಧ್ಯ ಮಾತಾಡಿದ್ರೆ ನಿಮ್ಮನ್ನೂ ಒಂದು ಕಣ ಅಂತ ಎಣಿಸಿಬಿಡ್ತೀನಿ.’ ನೂರಾದ ಮೇಲೆ ಪಾಠ. ‘ವೈರಸ್ ಬಂದಾಗ್ಲೂ ಮೊದಲು ಓಡೋರಲ್ಲಿ ಈ ನ್ಯೂಟ್ರೋಫಿಲ್ ಅನ್ನೋ ಬಿಳಿಕಣಗಳೂ ಇರ್ತವೆ, ಮಿಕ್ಕ ಕಣಗಳನ್ನ ಕೂಗಿ ಕರೀತವೆ. ವೈರಸ್ಸು ಗಂಟಲು, ಶ್ವಾಸಕೋಶದ ಒಳಪೊರೇನ ಗಾಯ ಮಾಡುತ್ತೆ. ಆ ಗಾಯಕ್ಕೆ ಬ್ಯಾಕ್ಟೀರಿಯಾ ನುಗ್ಗಿದಾಗ ತಡೆಯೋದು ಯಾರು — ನಿಮ್ಮ ಸ್ಟೆತೋಸ್ಕೋಪಾ?’

ಕೆಲವು ವೈರಲ್ ಜ್ವರಗಳಲ್ಲಿ ಈ ಕಣಗಳು ತುಸು ಇಳಿಯುತ್ತವೆ, ಸಾಮಾನ್ಯವಾಗಿ ಕೆಲವು ದಿನಗಳಲ್ಲಿ ತಾವಾಗಿಯೇ ಏರುತ್ತವೆ. ಫ್ಲೂ ಕಾಲದಲ್ಲಿ ಅಂಥ ವರದಿಗಳು ರಾಶಿ ಬೀಳುತ್ತವೆಂದು ನಾವು ಬೇರೆ ಟ್ರೇ ಇಟ್ಟೆವು. ವೈರಲ್ ಟ್ರೇ. ಆತುರವಿಲ್ಲದ ಟ್ರೇ. ಕಂಡಾಗಲೆಲ್ಲ ಅಕ್ಕ ನಮ್ಮನ್ನು ಬೈಯುತ್ತಿದ್ದರು.

ಫೆಬ್ರವರಿಯ ಕೊನೆಯ ಶುಕ್ರವಾರ ಹೊರಗಿನ ಕ್ಲಿನಿಕ್ಕಿನಿಂದ ಒಂದು ಸ್ಯಾಂಪಲ್ ಬಂತು. ಹೆಸರಿಲ್ಲ, ನಂಬರು ಮಾತ್ರ. ನ್ಯೂಟ್ರೋಫಿಲ್ ಸಾವಿರದ ಐನೂರಾದರೂ ಇರಬೇಕಾದಲ್ಲಿ ಇನ್ನೂರು. ಚೀಟಿಯಲ್ಲಿ ‘ಫ್ಲೂ’ ಎಂದಿತ್ತು. ವೈರಲ್ ಟ್ರೇಗೆ ಹಾಕಿದೆ — ನಾನೇ, ಈ ಕೈಯಿಂದಲೇ. ಸೋಮವಾರ ಬೆಳಿಗ್ಗೆಯವರೆಗೂ ವರದಿ ಅಲ್ಲೇ ಇತ್ತು.

ಅದು ರಜೆಯಲ್ಲಿದ್ದ ಅಕ್ಕನ ರಕ್ತ. ಥೈರಾಯ್ಡಿಗೆ ನುಂಗುತ್ತಿದ್ದ ಮಾತ್ರೆ ಅವರ ಕಣಗಳನ್ನು ತಳಕ್ಕಿಳಿಸಿತ್ತು, ಅಪರೂಪಕ್ಕೆ ಹಾಗಾಗುತ್ತದೆ. ಆ ಮಾತ್ರೆ ನಿಲ್ಲಿಸಿ, ಸೋಂಕು ಹರಡುವ ಮುನ್ನ ಅಂದೇ ಚಿಕಿತ್ಸೆ ಕೊಡಬೇಕಿತ್ತು. ಪರೀಕ್ಷೆ ಆಗಲೇಬೇಕೆಂದು ಹಟ ಹಿಡಿದವರೂ ಅವರೇ. ‘ಏನಾದ್ರೂ ಇದ್ರೆ ನಮ್ಮೋರು ಕ್ಲಿನಿಕ್ಕಿಗೆ ಫೋನ್ ಮಾಡ್ತಾರೆ ಬಿಡಿ’ ಎಂದು ಯಜಮಾನರಿಗೆ ಹೇಳಿದ್ದರಂತೆ.

ನಾವು ಮಾಡಲಿಲ್ಲ.

ಮಗಳು ಮೊನ್ನೆ ಕೇಳಿದಳು: ‘ಮಾಮ, ಗಂಟಲು ಚೆನ್ನಾಗಿದೆ, ಕೀವೇ ಇಲ್ಲ ಅಂದಿದ್ರಲ್ಲ ಡಾಕ್ಟ್ರು?’ ಕೀವೆಂದರೆ ಹೆಚ್ಚಾಗಿ ಹೋರಾಡಿ ಸತ್ತ ಇವೇ ಕಣಗಳಮ್ಮ. ಹೋರಾಡುವವರೇ ಇಲ್ಲದ ಗಂಟಲು ಶುಭ್ರವಾಗಿ ಕಾಣುತ್ತದೆ.

ಸಾಹೇಬರೇ, ಲ್ಯಾಬಿನವರು ನೇರವಾಗಿ ಫೋನ್ ಮಾಡಬಾರದೆಂದು ನಿಮ್ಮ ಸುತ್ತೋಲೆ ಇದೆ. ನಾವು ಆರು ಜನ ನಿನ್ನೆ ಕೂತು ನಿರ್ಧರಿಸಿದ್ದೇವೆ. ಸೋಮವಾರದಿಂದ ಆ ಟ್ರೇ ಇರುವುದಿಲ್ಲ. ನ್ಯೂಟ್ರೋಫಿಲ್ ಐನೂರಕ್ಕಿಂತ ಕಡಿಮೆ ಬಂದರೆ, ಚೀಟಿಯಲ್ಲಿ ಏನೇ ಬರೆದಿರಲಿ, ಆ ಗಳಿಗೆಯಲ್ಲೇ ಫೋನ್ ಮಾಡುತ್ತೇವೆ. ನೋಟಿಸು ಕೊಡುವುದಾದರೆ ಆರು ಪ್ರತಿ ತೆಗೆಸಿಡಿ.

ಈಗ ಎಲ್ಲರೂ ದಯವಿಟ್ಟು ಎದ್ದು ನಿಲ್ಲಿ. ಅಕ್ಕನಿಗಾಗಿ ಎರಡು ನಿಮಿಷ ಮೌನ — ಎರಡೇ ನಿಮಿಷ.