ಒಂದು ದಿನ ಅಕ್ಕನ ಹಾಗೆ

“ಎರಡು ಬಸ್ ಹೋಯ್ತು! ಬಂದವರಿಗೆಲ್ಲ ದಾರಿ ಬಿಡೋಕೆ ನೀನೇನು ಮದುವೆಮನೆ ಬಾಗಿಲಲ್ಲಿ ನಿಂತಿದ್ದೀಯಾ?”

ನಿಲ್ದಾಣದಲ್ಲಿ ನನ್ನ ಮುಂದಿದ್ದ ಯಾರೋ ಅಕ್ಕ-ತಂಗಿಯರಲ್ಲಿ ಅಕ್ಕ, ಊರಿಂದ ನಾಲ್ಕು ದಿನಕ್ಕೆ ಬಂದಿದ್ದ ತಂಗಿಯನ್ನು ಬೈಯುತ್ತಿದ್ದಳು.

“ವಯಸ್ಸಾದವರು ಕಣೇ, ಪಾಪ.”

“ಒಂಬತ್ತಕ್ಕೆ ಫ್ಯಾಕ್ಟರಿ ಗೇಟ್ ಮುಚ್ತಾರೆ. ಇವತ್ತೂ ತಡವಾದ್ರೆ ಕೆಲಸಕ್ಕೇ ಬರ್ಬೇಡ ಅಂದಿದ್ದಾನೆ ಸೂಪರ್‌ವೈಸರ್.”

“ನಂಗೆ ಹೇಳ್ಲೇ ಇಲ್ವಲ್ಲ!”

“ಪೇಟೆ ಸುತ್ತೋದು ಬೇಡ, ಒಂದಿನ ನಿನ್ ಹಾಗೇ ಇರ್ತೀನಿ ಅಂದ್ಯಲ್ಲ? ಇದೇ ನನ್ ದಿನ, ಕಣ್ತುಂಬ ನೋಡ್ಕೋ!”

“ಫೋನಲ್ಲಿ ಆರಾಮಾಗಿದ್ದೀನಿ ಅಂತಿದ್ಯಲ್ಲ.”

“ಇನ್ನೇನನ್ಲಿ?”

ಬಸ್ ಬಂತು. ತಂಗಿ ಮೊಣಕೈಯಿಂದ ನನ್ನನ್ನು ಪಕ್ಕಕ್ಕೆ ತಳ್ಳಿ, ಅಕ್ಕನನ್ನು ಎರಡೂ ಕೈಯಿಂದ ಒಳಗೆ ನೂಕಿದಳು. ಬಾಗಿಲು ಮುಚ್ಚಿತು. ಅಕ್ಕನ ಊಟದ ಡಬ್ಬಿ ಹಿಡಿದು ಅವಳು ಕೆಳಗೇ ಉಳಿದಳು, ನಾನೂ.